ದಾಖಲೆಗೆ ಹೊಲಿಗೆ: ಯಂತ್ರ ಕೊಳ್ಳುವ ಮುನ್ನ

(ಗ್ರಾಮ ದಾಖಲಾತಿ ಕಾರ್ಯಕರ್ತರು ಹಾಗೂ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಪಾಠ)



ಊರಿನ ದಾಖಲೆಯಲ್ಲಿ ಏನೇನಿರಬೇಕು ಎಂಬ ಬಗ್ಗೆ ದೀರ್ಘ ಚರ್ಚೆಗಳು ನಡೆಯುತ್ತವೆ. ಆದರೆ ಸಿದ್ಧವಾದ ದಾಖಲೆಯನ್ನು ಹೇಗೆ ಕಟ್ಟಿಡಬೇಕೆಂಬುದು ಮಾತ್ರ ಝೆರಾಕ್ಸ್ ಅಂಗಡಿಯವರ ತೀರ್ಮಾನಕ್ಕೆ ಉಳಿದುಬಿಡುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಯನ್ನು ರೂಪಿಸಬೇಕಾಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಒಂದರಲ್ಲಿ ಅಪ್ಪೆಮಿಡಿಯ ತಳಿಗಳ ವಿವರವಿರುತ್ತದೆ. ಇನ್ನೊಂದರಲ್ಲಿ ಹಿರಿಯರ ಹೇಳಿಕೆಗಳಿರುತ್ತವೆ. ಹೇಳಿಕೆ ನೀಡಿದ ಅಜ್ಜಿ ತೀರಿಕೊಂಡ ಬಳಿಕ ಉದುರಿಹೋದ ಪುಟವನ್ನು ಮತ್ತೆ ಬರೆಸುವವರಾರು?

ಮಲೆನಾಡಿನಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಬೀಳುತ್ತದೆ. ಕಾಗದವು ಆಷಾಢದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ತನ್ನ ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಮೈದಾ ಅಂಟಿಗೆ ಜಿರಲೆಯೂ ಪುಸ್ತಕದ ಹುಳುವೂ ಬರುತ್ತವೆ. ಹುಳು ಬಾರದಂತೆ ಬೈಂಡರುಗಳು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಬಳಸುವ ಮೈಲುತುತ್ತವೇ ಅದು. ಹುಳುಗಳೇನೋ ದೂರವಾಗುತ್ತವೆ; ಆದರೆ ತಾಮ್ರದ ಅಂಶವು ಕಾಲಕ್ರಮದಲ್ಲಿ ಕಾಗದದ ನಾರನ್ನೇ ಶಿಥಿಲಗೊಳಿಸುತ್ತದೆ. ಆದುದರಿಂದ ಮೂಲ ದಾಖಲೆಯ ಹಾಳೆಗೆ ಆ ಅಂಟು ತಾಗಕೂಡದು.

ಈ ನೆಲದ ಹಿರಿಯರು ಈ ಸಮಸ್ಯೆಯನ್ನು ಬಲ್ಲವರಾಗಿದ್ದರು. ಇಂದು ಕಚೇರಿಯ ಫೈಲಿಗೆ 'ಕಡತ' ಎನ್ನುತ್ತೇವಷ್ಟೆ. ಮೂಲದಲ್ಲಿ ಕಡತವೆಂದರೆ ಹುಣಿಸೆಬೀಜದ ಅಂಟು ಹಾಗೂ ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ, ಮಡಿಸಿಡುವ ಬಟ್ಟೆ; ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಉಳಿದು ಬಂದಿವೆ.

ಇನ್ನು ಯಂತ್ರಗಳ ವಿಚಾರ. ಪ್ಲಾಸ್ಟಿಕ್ ಬಾಚಣಿಗೆಯಂಥ ಕೋಂಬ್ ಬೈಂಡಿಂಗ್‌ನಲ್ಲಿ ಎ4 ಹಾಳೆಗೆ 21 ರಂಧ್ರಗಳು. ಅದನ್ನು ಬಿಚ್ಚಿ ಹೊಸ ಪುಟ ಸೇರಿಸಬಹುದು. ಆ ಗುಣವೇ ಅದರ ದೋಷವೂ ಹೌದು: ಸೇರಿಸಬಲ್ಲವರು ತೆಗೆಯಲೂ ಬಲ್ಲರು. ಹಕ್ಕಿನ ಅರ್ಜಿಯ ಕಡತಕ್ಕೆ ಇದು ತರವಲ್ಲ. ಸುರುಳಿ ಬೈಂಡಿಂಗ್ ವಿದ್ಯಾರ್ಥಿಗಳ ವರದಿಗೆ ಸಾಕು. ಜೋಡಿತಂತಿಯ ವೈರೋ ನೋಟಕ್ಕೆ ಚೆಂದ. ಮೇಲಿನ ಲೇಪ ಕಿತ್ತರೆ ತುಕ್ಕು ಹಿಡಿಯುತ್ತದೆ. ಬಿಸಿ ಅಂಟಿನ ಥರ್ಮಲ್ ಬೈಂಡಿಂಗ್‌ನಲ್ಲಿ ಅಂಟು ಹಳತಾದಂತೆ ಹಾಳೆಗಳು ಒಂದೊಂದಾಗಿ ಕಳಚುತ್ತವೆ.

ಖರ್ಚಿನ ಲೆಕ್ಕ ಹಾಕುವಾಗ ಯಂತ್ರದ ಬೆಲೆಯೊಂದನ್ನೇ ನೋಡಿದರೆ ಸಾಲದು. ಉದಾಹರಣೆಗೆ, ಯಂತ್ರಕ್ಕೆ 6000 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಊರುಗಳು ವರ್ಷಕ್ಕೆ ತಲಾ ಎರಡು ಪ್ರತಿ ಕಟ್ಟಿದರೆ ಐದು ವರ್ಷಗಳಲ್ಲಿ 100 ಪುಸ್ತಕಗಳಾದವು. ಕೋಂಬು, ರಕ್ಷಾಪುಟಗಳಿಗೆ ಮೊದಲೇ ಪುಸ್ತಕವೊಂದಕ್ಕೆ 60 ರೂಪಾಯಿ ಬಿತ್ತು. ಪೇಟೆಯ ಅಂಗಡಿ ಅದಕ್ಕಿಂತ ಕಡಿಮೆಗೆ ಕಟ್ಟಿಕೊಡುವುದಾದರೆ ಯಂತ್ರ ಕೊಳ್ಳುವುದು ನಷ್ಟ. ಕಾಲೇಜಿನವರೂ ಸೇರಿ 500 ಪುಸ್ತಕಗಳಾದರೆ ಅದೇ ಪಾಲು 12 ರೂಪಾಯಿಗೆ ಇಳಿಯುತ್ತದೆ, ಆಗ ಕೊಳ್ಳಬಹುದು. ಕೋಂಬಿನ ಅಳತೆಯನ್ನೂ ಮೊದಲೇ ಗೊತ್ತುಮಾಡಬೇಕು. 75 ಜಿಎಸ್‌ಎಂ ಕಾಗದದ 100 ಹಾಳೆಗಳು ಸುಮಾರು ಒಂದು ಸೆಂ.ಮೀ. ದಪ್ಪವಿರುತ್ತವೆ. 150 ಹಾಳೆಯ ದಾಖಲೆಗೆ 19 ಅಥವಾ 20 ಮಿ.ಮೀ. ಕೋಂಬು ಬೇಕು. ಎಲ್ಲ ಅಳತೆಗಳ ಪೆಟ್ಟಿಗೆಗಳನ್ನು ತಂದರೆ ಅರ್ಧ ಮೂಲೆಯಲ್ಲೇ ಕೊಳೆಯುತ್ತವೆ.

ಮೂಲಪ್ರತಿಗಾದರೋ ಯಂತ್ರವೇ ಬೇಡ. ಅದಕ್ಕೆ ಹೊಲಿಗೆಯೇ ತಕ್ಕುದು. ಅಡಿಕೆ ಚೀಲ ಹೊಲಿಯುವ ದಬ್ಬಣ ಪ್ರತಿ ಮನೆಯಲ್ಲೂ ಇದೆ. ದಪ್ಪ ಹತ್ತಿ ದಾರಕ್ಕೆ ಜೇನುಮೇಣ ಸವರಿದರೆ ಅದು ತೇವವನ್ನು ತಡೆಯುತ್ತದೆ, ಗಂಟೂ ಜಾರದು. ಬರೆಯುವಾಗಲೇ ಎಡಗಡೆ ನಾಲ್ಕು ಸೆಂ.ಮೀ. ಅಂಚು ಬಿಡಬೇಕು, ಬಹುತೇಕರು ಮರೆಯುವುದು ಇದನ್ನೇ. ಪ್ರತಿ ಹಾಳೆಗೂ ಕ್ರಮಸಂಖ್ಯೆ ಹಾಕಿ, ಐದು ರಂಧ್ರಗಳಲ್ಲಿ ಪಕ್ಕಹೊಲಿಗೆ ಹಾಕಿ, ಎರಡೂ ಬದಿಗೆ ದಪ್ಪ ರಟ್ಟು, ಬೆನ್ನಿಗೆ ಕ್ಯಾಲಿಕೊ ಬಟ್ಟೆ ಇಟ್ಟರೆ ಕೆಲಸ ಮುಗಿಯಿತು. ಹೊಸ ಮಾಹಿತಿ ಬಂದಾಗ ಹಳೆಯದನ್ನು ಬಿಚ್ಚದೆ ಎರಡನೆಯ ಸಂಪುಟವನ್ನು ಹೊಲಿಯಬೇಕು. ಯಂತ್ರದ ಹಣ ಉಳಿದರೆ ಒಳ್ಳೆಯ ಕಾಗದಕ್ಕೂ ಬಿಗಿ ಮುಚ್ಚಳದ ಪೆಟ್ಟಿಗೆಗೂ ವಿನಿಯೋಗಿಸುವುದು ಮೇಲು.

ಹಳೆಯ ಕಂದಾಯ ರಶೀದಿಗಳನ್ನು 'ಭದ್ರವಾಗಿರಲಿ' ಎಂದು ಲ್ಯಾಮಿನೇಟ್ ಮಾಡಿಸುವ ರೂಢಿ ಹಬ್ಬಿದೆ. ಬಿಸಿಯಿಂದ ಅಂಟಿದ ಪ್ಲಾಸ್ಟಿಕನ್ನು ಮತ್ತೆ ಬಿಡಿಸಲಾಗದು. ಈಚಿನ ಥರ್ಮಲ್ ಕಾಗದದ ರಶೀದಿಯಾದರೆ ಆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಅಂಥವುಗಳ ನಕಲು ತೆಗೆಸಿ ನಕಲನ್ನು ಹೊಲಿಯಬೇಕು, ಮೂಲವನ್ನು ಕಾಗದದ ಲಕೋಟೆಯಲ್ಲಿಟ್ಟು ಅದೇ ಪೆಟ್ಟಿಗೆಯಲ್ಲಿಡಬೇಕು. ಮಳೆ ಹೊರವಾದ ಮೇಲೆ ಪೆಟ್ಟಿಗೆಯನ್ನು ತೆರೆದು ಸಂಪುಟಗಳನ್ನು ನೆರಳಿನಲ್ಲಿ ಗಾಳಿಗಿಡಬೇಕು. ಎರಡನೆಯ ಪ್ರತಿಯನ್ನು ಅದೇ ಮನೆಯಲ್ಲಲ್ಲ, ಬೇರೆ ಊರಿನಲ್ಲಿಡಬೇಕು.