ಕೊಲಂಬೊದಲ್ಲಿ ಕೇಳಿದ ಪ್ರಶ್ನೆ



ದೇವರು ಎಲ್ಲರಿಗೂ ಒಬ್ಬನೇ ಎಂದು ಹೇಳುವುದು ಸುಲಭ. ಆ ದೇವರ ಮುಂದೆ ಯಾರ ಪಕ್ಕದಲ್ಲಿ ಯಾರು ಕೂಡಬೇಕೆಂಬ ಮಾತು ಬಂದಾಗ ಗಂಟಲು ಕಟ್ಟುತ್ತದೆ. ಇಂದು ನಾವು ಅಮೆರಿಕೆಯ ಒಂದು ಸಣ್ಣ ಚರ್ಚಿನ ವಿಷಯ ಹೇಳಬೇಕೆಂದಿದ್ದೇವೆ.

ಹೋವರ್ಡ್ ಥರ್ಮನ್ ಎಂಬುವರು ಕಪ್ಪು ಜನಾಂಗದ ಪಾದ್ರಿಗಳು. ಅವರ ಅಜ್ಜಿ ಗುಲಾಮಳಾಗಿದ್ದವಳು. ಓದು ಬಾರದು, ಮೊಮ್ಮಗನೇ ಬೈಬಲ್ ಓದಿ ಹೇಳಬೇಕು. ಆದರೆ ಸಂತ ಪೌಲನ ಪತ್ರಗಳನ್ನು ಆಕೆ ಓದಗೊಡುತ್ತಿರಲಿಲ್ಲ. ಏಕೆ? ಒಡೆಯನ ಪಾದ್ರಿ ಗುಲಾಮರನ್ನು ಕೂಡಿಸಿಕೊಂಡು, ಒಡೆಯನಿಗೆ ವಿಧೇಯರಾಗಿರಿ ಎಂಬ ಪೌಲನ ಬೋಧೆಯನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಬಿಡುಗಡೆಯಾದರೆ ಆ ಭಾಗದ ಗೊಡವೆಗೆ ಹೋಗುವುದಿಲ್ಲವೆಂದು ಆ ತಾಯಿ ಅಂದೇ ನಿಶ್ಚಯಿಸಿದ್ದಳು. ಅಕ್ಷರ ಬಾರದವಳ ವಿವೇಕ ನೋಡಿ!

1935ರಲ್ಲಿ ಥರ್ಮನ್ನರು ಪತ್ನಿ ಸೂ ಬೇಲಿಯವರೊಡನೆ, ಇನ್ನೊಂದು ದಂಪತಿಗಳ ಜೊತೆಗೂಡಿ, ಸಿಂಹಳಕ್ಕೂ ಭಾರತಕ್ಕೂ ಬಂದರು. ಕೊಲಂಬೊದ ಕಾನೂನು ಕಾಲೇಜಿನಲ್ಲಿ ಒಬ್ಬರು ಕೇಳಿಯೇ ಬಿಟ್ಟರು. ನಿಮ್ಮ ಹಿರಿಯರನ್ನು ಹಿಡಿದು ಮಾರಿದವರು ಕ್ರೈಸ್ತರು, ಇಂದಿಗೂ ನಿಮ್ಮನ್ನು ದೂರವಿಟ್ಟವರು ಕ್ರೈಸ್ತರು. ಹೀಗಿದ್ದೂ ಆ ಧರ್ಮದ ಪರವಾಗಿ ಬಂದು ನಿಂತಿದ್ದೀರಲ್ಲ, ಹೇಗೆ? ಬಂಧುಗಳೇ, ಇಂಥ ಪ್ರಶ್ನೆಯನ್ನು ಯಾವ ಧರ್ಮದವರಿಗೆ ಕೇಳಿದರೂ ಉತ್ತರ ಕಷ್ಟ. ನಮಗೆ ಕೇಳಿದರೂ ಕಷ್ಟವೇ.

ಯೇಸುವಿನ ಧರ್ಮ ಬೇರೆ, ಅವನ ಹೆಸರಿನಲ್ಲಿ ನಡೆದದ್ದು ಬೇರೆ ಎಂದು ಥರ್ಮನ್ನರು ವಿವರಿಸಿದರು. ಆದರೆ ಬಾಯಿಮಾತಿನ ಉತ್ತರ ಅವರಿಗೇ ಸಾಲದಾಯಿತು. 1936ರ ಫೆಬ್ರುವರಿಯಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡರು. ಅದೇ ಪ್ರವಾಸದಲ್ಲಿ ಖೈಬರ್ ಕಣಿವೆಯನ್ನು ನೋಡುತ್ತ ನಿಂತಾಗ, ಬಣ್ಣದ ಗೋಡೆಯಿಲ್ಲದ ಪ್ರಾರ್ಥನಾಸಭೆ ಸಾಧ್ಯವೇ ಎಂದು ಮಾಡಿಯೇ ನೋಡಬೇಕೆಂಬ ಸಂಕಲ್ಪ ಮೂಡಿತು.

ಏಳೆಂಟು ವರ್ಷ ಕಳೆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಆಲ್ಫ್ರೆಡ್ ಫಿಸ್ಕ್ ಎಂಬ ಬಿಳಿಯ ಪಾದ್ರಿಗಳಿಂದ ಪತ್ರ ಬಂತು. ಎರಡೂ ಬಣ್ಣದವರು ಕೂಡುವ ಚರ್ಚು ಕಟ್ಟುತ್ತಿದ್ದೇವೆ, ಕಪ್ಪು ಜನಾಂಗದ ಒಬ್ಬ ತರುಣ ಪಾದ್ರಿಯ ಹೆಸರು ಸೂಚಿಸಿ ಎಂದು. ಕೊನೆಗೆ ಥರ್ಮನ್ನರು ತಾವೇ ಹೊರಟರು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಡೀನ್ ಪದವಿಯಿತ್ತು, ಭದ್ರವಾದ ಜೀವನವಿತ್ತು. ಹೆಸರು ಸೂಚಿಸಿ ಸುಮ್ಮನಿರಬಹುದಾಗಿತ್ತು.

ಆಗ ಯುದ್ಧಕಾಲ. ಜಪಾನೀ ಮೂಲದವರನ್ನು ಸರ್ಕಾರ 1942ರಲ್ಲಿ ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿತ್ತು. ಹಡಗು ಕಟ್ಟುವ ಕೆಲಸಕ್ಕೆ ದಕ್ಷಿಣದಿಂದ ಬಂದ ಕಪ್ಪು ಜನ ಆ ಖಾಲಿ ಕೇರಿಗಳಲ್ಲಿ ತುಂಬಿದ್ದರು. ಒಬ್ಬರನ್ನೊಬ್ಬರು ಶಂಕೆಯಿಂದ ನೋಡುವ ಅಂಥ ಊರಿನಲ್ಲಿ 1944ರ ಅಕ್ಟೋಬರ್ 8ರಂದು, ಸರ್ವಜನರ ಸಹವಾಸದ ಚರ್ಚು ಎಂಬ ಅರ್ಥದ ಹೆಸರಿನಿಂದ ಸಭೆ ಆರಂಭವಾಯಿತು.

ಬಾಗಿಲು ತೆರೆದಿಟ್ಟರೆ ಸಾಕೇ? ಸಾಲದು. ಕೂಡಿ ಉಣ್ಣಬೇಕು, ಕೂಡಿ ಹಾಡಬೇಕು. ಆ ಜನ ಹಾಗೆಯೇ ಮಾಡಿದರು. ಬೇರೆ ಬೇರೆ ಜನಾಂಗಗಳ ಬದುಕನ್ನೂ ಕಲೆಯನ್ನೂ ಮಕ್ಕಳಿಗೆ ಪರಿಚಯಿಸಿದರು. ಪೂಜೆಯಲ್ಲಿ ಮೌನಧ್ಯಾನಕ್ಕೆ ದೊಡ್ಡ ಸ್ಥಾನ ಕೊಟ್ಟರು. ಪ್ರೆಸ್ಬಿಟೇರಿಯನ್ ಪಂಗಡ ಮೊದಮೊದಲು ಹಣ ಕೊಡುತ್ತಿತ್ತು. ಯಾರ ಹಂಗಿನಲ್ಲೂ ಇರಬಾರದೆಂದು ಆ ನೆರವನ್ನೂ ಬಿಟ್ಟು ಸ್ವತಂತ್ರರಾದರು. ಬಡತನ ಬಂತು, ಬರಲಿ ಎಂದರು.

1949ರಲ್ಲಿ ಲಾರ್ಕಿನ್ ಬೀದಿಯಲ್ಲಿ ಸ್ವಂತ ಕಟ್ಟಡವಾಯಿತು. 1953ರಲ್ಲಿ ಥರ್ಮನ್ನರು ಬಾಸ್ಟನ್ನಿಗೆ ಹೋದರು, 1981ರಲ್ಲಿ ತೀರಿಕೊಂಡರು. ಸಭೆ ದೊಡ್ಡದಾಗಿ ಬೆಳೆಯಲೂ ಇಲ್ಲ, ಚದುರಲೂ ಇಲ್ಲ. ಅದೇ ಬೀದಿಯಲ್ಲಿ ಈಗಲೂ ಕೂಡುತ್ತದೆ.