ಬೆಸುಗೆಯ ಲೋಹವೂ ಅದರ ಪ್ರಮಾಣಪತ್ರವೂ

(ಮಲೆಬೆನ್ನೂರಿನಲ್ಲಿ ಮಾಡಿದ ಭಾಷಣ)

 

ಈ ಶುಭಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನನಗೆ ಸಂತೋಷದೊಡನೆ ಸಂಕೋಚವೂ ಉಂಟಾಯಿತು. ಈ ವೇದಿಕೆಯಿಂದ ಮಾತನಾಡತಕ್ಕವರು ಪಂಡಿತರು. ನಾನಾದರೋ ಲೋಹವನ್ನು ಕಾಯಿಸಿ, ತಣಿಸಿ, ಮುರಿದು ನೋಡುವುದರಲ್ಲಿಯೇ ಆಯುಷ್ಯವನ್ನು ಕಳೆದವನು. ಆದರೂ ತಾನು ಬಲ್ಲ ಕೆಲಸವನ್ನು ಕುರಿತು ಹೇಳುವುದೇ ಉಚಿತವೆಂದೆಣಿಸಿ, ವಾಹನಗಳ ವಿದ್ಯುನ್ಮಾನ ಭಾಗಗಳಲ್ಲಿ ಉಪಯೋಗಿಸುವ ಬೆಸುಗೆಯ ದ್ರವ್ಯಗಳನ್ನು ಹೇಗೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆಯ ಮೇಲೆ ಕೊಡುವ ಪ್ರಮಾಣಪತ್ರದ ಬೆಲೆಯೆಷ್ಟು ಎಂಬುದನ್ನು ತಮ್ಮಲ್ಲಿ ಬಿನ್ನವಿಸುತ್ತೇನೆ.

ವಿಷಯವು ಹೊಸದಾಗಿ ಕಂಡರೂ ಅದರ ಬೇರು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವುದನ್ನು ಇಲ್ಲಿರುವ ಹಿರಿಯರೆಲ್ಲರೂ ಕಂಡಿದ್ದಾರೆ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಚೆಲ್ಲಿ, ತವರವನ್ನು ಸವರಿ, ಅರಳೆಯಿಂದ ಉಜ್ಜುವನು. ನವಸಾಗರವು ಲೋಹದ ಮೇಲಣ ಕಿಲುಬನ್ನು ಕಳೆದ ಮೇಲೆಯೇ ತವರವು ಹಿತ್ತಾಳೆಯನ್ನು ಹಿಡಿಯುವುದು. ಅಗ್ಗವಾದ ಸೀಸವನ್ನು ತವರಕ್ಕೆ ಬೆರಸಿದರೆ ಕಣ್ಣಿಗೆ ಹೊಳಪೇ ಕಾಣುವುದು. ಉಣ್ಣುವವರ ಮೈಗೆ ಮಾತ್ರ ವಿಷವೇರುವುದು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಕಿರಕಿರನೆ ಸದ್ದಾಗುತ್ತದೆ. ಸೀಸವು ಹಾಗೆ ಸದ್ದು ಮಾಡದು. ಕಣ್ಣಿಗೆ ಕಾಣದ ಗುಣವನ್ನು ತಿಳಿಯಲು ಪರೀಕ್ಷೆಯೊಂದು ಬೇಕೆಂಬ ತತ್ತ್ವವೆಲ್ಲ ಆ ಸದ್ದಿನಲ್ಲಿ ಅಡಗಿದೆ.

ಈಗ ಅದೇ ತವರವು ನಮ್ಮ ವಾಹನಗಳ ಒಳಗನ್ನು ಸೇರಿದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ದ್ವಿಚಕ್ರವಾಹನಗಳಿಗೆ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು, ಅದೇ ವರ್ಷದ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗು ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮವು ಜಾರಿಗೆ ಬಂದ ಮೇಲೆ ಹೊಸ ಮೋಟಾರುಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಕೆಲಸವನ್ನು ಬಹುಮಟ್ಟಿಗೆ ವಿದ್ಯುನ್ಮಾನ ಯಂತ್ರವೇ ವಹಿಸಿಕೊಂಡಿತು. ಆದಕಾರಣ ಇಲ್ಲಿಂದ ಹರಿಹರಕ್ಕೆ ಹೊರಟ ತರುಣನ ಗಾಡಿ ಸಕಾಲದಲ್ಲಿ ನಿಲ್ಲುವುದೂ ನಿಲ್ಲದಿರುವುದೂ ಸಾಸಿವೆಯಷ್ಟು ಗಾತ್ರದ ಒಂದು ಬೆಸುಗೆಯನ್ನು ಅವಲಂಬಿಸಿರಬಹುದು.

ಹಿಂದೆ ಈ ಬೆಸುಗೆಗೆ 63 ಪಾಲು ತವರ, 37 ಪಾಲು ಸೀಸಗಳ ಮಿಶ್ರಣವನ್ನು ಬಳಸುತ್ತಿದ್ದರು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದು. ಸೀಸದ ವಿಷವನ್ನರಿತು ಐರೋಪ್ಯ ಒಕ್ಕೂಟವು 2000ದಲ್ಲಿ ವಾಹನಗಳನ್ನು ಕುರಿತ ನಿಯಮವೊಂದನ್ನು ಮಾಡಿ, ಅದನ್ನು ಕ್ರಮಕ್ರಮವಾಗಿ ದೂರಮಾಡಲಾರಂಭಿಸಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಮಿಶ್ರಣದಲ್ಲಿ ನೂರಕ್ಕೆ 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರಗಳಿವೆ. ಅದು ಕರಗಲು 217ರಿಂದ 220 ಡಿಗ್ರಿ ಬೇಕು. ಲೋಹ ಬದಲಾದಾಗ ಹಳೆಯ ಅನುಭವವೆಲ್ಲವನ್ನೂ ಹೊಸದಾಗಿ ಪರೀಕ್ಷಿಸಬೇಕಾಯಿತು.

ವಾಹನದಲ್ಲಿ ಬೆಸುಗೆಗೆ ಒದಗುವ ಕಷ್ಟಗಳು ಮುಖ್ಯವಾಗಿ ಮೂರು: ಶಾಖ, ತೇವ, ಅಲುಗಾಟ. ಶಾಖದಿಂದ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ಆದರೆ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಸರ್ಕ್ಯೂಟ್ ಫಲಕವು ಹೆಚ್ಚು ಹಿಗ್ಗಿದರೆ ಅದರ ಮೇಲಣ ಪಿಂಗಾಣಿಯ ಬಿಡಿಭಾಗವು ಕಡಮೆ ಹಿಗ್ಗುವುದು. ಆರು ಮಿಲಿಮೀಟರ್ ಉದ್ದದ ಭಾಗಕ್ಕೆ ಈ ಅಂತರವು ಸುಮಾರು ಹತ್ತು ಮೈಕ್ರಾನ್. ತಲೆಗೂದಲಿಗಿಂತಲೂ ಬಹಳ ಸಣ್ಣದು. ಆದರೆ ಗಾಡಿ ಕಾಯ್ದು ತಣಿದಾಗಲೆಲ್ಲ ಆ ಎಳೆತವನ್ನು ನಡುವಿನ ಬೆಸುಗೆಯೇ ತಾಳಿಕೊಳ್ಳಬೇಕು. ಆದುದರಿಂದ ಪರೀಕ್ಷಾಲಯದಲ್ಲಿ ಬೆಸೆದ ಫಲಕಗಳನ್ನು ಪೆಟ್ಟಿಗೆಯೊಳಗಿಟ್ಟು, ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 125 ಡಿಗ್ರಿ ಮೇಲಿನವರೆಗೆ ಮರಳಿ ಮರಳಿ ಒಯ್ಯುತ್ತಾರೆ. ಇಂತಹ 1000 ಆವರ್ತಗಳನ್ನು ನಡೆಸುವುದುಂಟು. ಒಂದಕ್ಕೆ ಒಂದು ಗಂಟೆ ಹಿಡಿದರೆ ಒಟ್ಟು ಸುಮಾರು 42 ದಿನಗಳಾಗುತ್ತವೆ. ಬಳಿಕ ಬೆಸುಗೆಯನ್ನು ಕೊಯ್ದು, ನಯಮಾಡಿ, ಸೂಕ್ಷ್ಮದರ್ಶಕದಡಿ ಬಿರುಕನ್ನು ಹುಡುಕುತ್ತಾರೆ.

ತೇವದ ಪರೀಕ್ಷೆಯು ಲೋಹಕ್ಕಿಂತ ಹೆಚ್ಚಾಗಿ ಫ್ಲಕ್ಸ್ ಎಂಬ ಶೋಧಕದ್ರವ್ಯಕ್ಕೆ ಸಂಬಂಧಪಟ್ಟುದು. ಕಲಾಯಿಯಲ್ಲಿ ನವಸಾಗರ ಮಾಡುವ ಕೆಲಸವನ್ನು ಇಲ್ಲಿ ರಾಳ ಮೊದಲಾದ ದ್ರವ್ಯಗಳು ಮಾಡುತ್ತವೆ. ಕಿಲುಬನ್ನು ತಿಂದ ದ್ರವ್ಯವು ಅಲ್ಲಿಗೇ ತೃಪ್ತವಾಗದೆ ತಾಮ್ರವನ್ನೂ ತಿನ್ನತೊಡಗಿದರೆ ಅನರ್ಥವಾಗುವುದು. ಇದನ್ನರಿಯಲು ಗಾಜಿನ ಮೇಲೆ ಅತಿ ತೆಳುವಾದ ತಾಮ್ರದ ಪೊರೆಯನ್ನು ಕೂಡಿಸಿ, ಮೇಲೆ ಒಂದು ತೊಟ್ಟು ಫ್ಲಕ್ಸನ್ನು ಬಿಟ್ಟು, 24 ಗಂಟೆಗಳ ತರುವಾಯ ನೋಡುತ್ತಾರೆ. ಪೊರೆ ತೂತಾಗಿ ಬೆಳಕು ಕಂಡರೆ ಆ ದ್ರವ್ಯವು ಉಗ್ರವೆಂದು ತೀರ್ಮಾನ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಕೆಸರು, ಗೊಬ್ಬರ, ತೇವಗಳ ನಡುವೆ ದುಡಿಯುವ ಗಾಡಿಗಳಿಗೆ ಈ ಪರೀಕ್ಷೆಯು ಎಷ್ಟು ಅವಶ್ಯಕವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ನನ್ನದೊಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯವರ ಫಲಕಗಳನ್ನು ಪರೀಕ್ಷಿಸುವ ಭಾರವು ನನ್ನ ಮೇಲಿದ್ದಿತು. ಸಾವಿರ ಆವರ್ತಗಳಾಗಬೇಕಾಗಿದ್ದಲ್ಲಿ ಐನೂರು ಮುಗಿದಿದ್ದವು; ಒಂದು ಬೆಸುಗೆಯೂ ಕೆಟ್ಟಿರಲಿಲ್ಲ. ಸರಕನ್ನು ಕಳುಹಿಸುವ ವಾಯಿದೆ ಹತ್ತಿರವಾಗಿತ್ತು. "ಇಷ್ಟಾದರೂ ಒಂದೂ ಒಡೆಯಲಿಲ್ಲವಲ್ಲ ಸಾರ್, ಇನ್ನೇನು ಸಂದೇಹ?" ಎಂದು ಅವರು ಕೇಳಿದರು. ನಾನು ಸಹಿ ಮಾಡಿದೆನು. ಆದರೆ ಮನಸ್ಸು ಒಪ್ಪದೆ ಫಲಕಗಳನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟಿದ್ದೆನು. ಏಳುನೂರು ದಾಟಿದ ಮೇಲೆ ಒಂದು ಬೆಸುಗೆ ಬಿಟ್ಟಿತು, ಮರುದಿನ ಮತ್ತೊಂದು. ಸಹಿಯನ್ನು ಹಿಂತೆಗೆದುಕೊಂಡು ಪತ್ರ ಬರೆದೆನು. ಅವರಿಗೆ ನಷ್ಟವಾಯಿತು, ನನಗೆ ಅಪಕೀರ್ತಿ ಬಂದಿತು; ಅವೆರಡನ್ನೂ ಮರೆಯಬಹುದು. ಆದರೆ ಆಗಲೇ ಹೊರಟುಹೋಗಿದ್ದ ಫಲಕಗಳೆಲ್ಲವೂ ಹಿಂದಕ್ಕೆ ಬಂದವೆಂದು ನಾನು ಇಂದಿಗೂ ಹೇಳಲಾರೆ.

ಪ್ರಮಾಣಪತ್ರವೆಂದರೇನು ಎಂಬುದು ನನಗೆ ತಿಳಿದುದು ಅಂದು. ಭಾರತೀಯ ಮಾನಕ ಬ್ಯೂರೋದ ಮಾನಕವು ಬೆಸುಗೆಯ ಲೋಹದಲ್ಲಿ ಯಾವುದು ಎಷ್ಟಿರಬೇಕೆಂದು ಹೇಳುವುದು. ಬೆಂಗಳೂರಿನ ಪೀಣ್ಯದಲ್ಲಿರುವ ಸರ್ಕಾರದ ವಿದ್ಯುನ್ಮಾನ ಪರೀಕ್ಷಾಕೇಂದ್ರದಂತಹ ಪ್ರಯೋಗಶಾಲೆಗಳು ತಮ್ಮ ಕೈಗೆ ಬಂದ ಮಾದರಿಯ ಮೇಲೆ ಕಂಡುದನ್ನು ಹೇಳುವುವು. ಐ.ಎ.ಟಿ.ಎಫ್. 16949 ಎಂಬ ಮನ್ನಣೆಯು ಕಾರ್ಖಾನೆಯ ಕಾರ್ಯಕ್ರಮವನ್ನು ಕುರಿತುದೇ ಹೊರತು ಲೋಹದ ಉಂಡೆಯನ್ನು ಕುರಿತುದಲ್ಲ. ಇವುಗಳಲ್ಲಿ ಯಾವುದೂ ನಾಳೆ ಬರುವ ಇನ್ನೊಂದು ಕಂತಿನ ಮಾಲಿಗೆ ತಾನಾಗಿ ಹೊಣೆಯಾಗುವುದಿಲ್ಲ. ಪತ್ರದಲ್ಲಿ ಬರೆದಿರುವ ಮಿಶ್ರಣ, ಫ್ಲಕ್ಸು, ಕಂತು, ಬೆಸೆದ ಕ್ರಮ ಇವೆಲ್ಲವೂ ಕೈಯಲ್ಲಿರುವ ವಸ್ತುವಿಗೆ ಹೊಂದಿದರೆ ಮಾತ್ರ ಅದು ಪ್ರಮಾಣ. ಇಲ್ಲದಿದ್ದರೆ ಬರಿಯ ಕಾಗದ.

ದಾವಣಗೆರೆ ಹರಿಹರಗಳಲ್ಲಿ ವಾಹನಗಳ ವಿದ್ಯುತ್ ಭಾಗಗಳನ್ನು ದುರಸ್ತಿ ಮಾಡುವ ತರುಣರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಹೆಸರು, ಮಿಶ್ರಣಗಳಿಲ್ಲದ ಬೆಸುಗೆಯ ಸರಿಗೆಯನ್ನು ಕೊಳ್ಳಬೇಡಿರಿ. ತಗಡಿನ ಕೆಲಸದ ಆಮ್ಲವನ್ನು ಫಲಕಕ್ಕೆ ಮುಟ್ಟಿಸಬೇಡಿರಿ. ಸೀಸವಿಲ್ಲದ ಬೆಸುಗೆಯ ಮೇಲೆ ಸೀಸದ್ದನ್ನು ಕಂಡಕಂಡಂತೆ ಬೆರಸಬೇಡಿರಿ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ಮುಚ್ಚಿಹೋಗಿದೆ. ಆದರೆ ಲೇಥಿನ ಒಂದೊಂದು ಭಾಗವನ್ನೂ ಅಳೆದು ನೋಡುತ್ತಿದ್ದ ಕೈಗಳು ಈ ಸೀಮೆಯವೇ ಎಂಬುದನ್ನು ನಾವು ಮರೆಯಬಾರದು.

ಬೆಸುಗೆಯು ಕಾಣದೆಡೆಯಲ್ಲಿರುವುದು, ಅದನ್ನು ನಂಬಿ ಹೊರಟವನು ಅದನ್ನೆಂದೂ ನೋಡನು. ಅವನ ಪರವಾಗಿ ನೋಡುವುದೇ ಪರೀಕ್ಷಕನ ಕಾಯಕ. ನೋಡದುದನ್ನು ನೋಡಿದೆನೆಂದು ಬರೆಯದಿರುವ ಶಕ್ತಿಯು ನಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸುತ್ತೇನೆ.