ಎರಡು ನಿಮಿಷದ ನೂಡಲ್ಸಿಗೆ ಇನ್ನೂ ಎಂಟು ನಿಮಿಷ



ಮಣಿಪಾಲದಲ್ಲಿ ರಾತ್ರಿ ಹನ್ನೊಂದು ಗಂಟೆ ಎಂದರೆ ಓದುವ ಮಕ್ಕಳಿಗೆ ಇನ್ನೂ ಸಂಜೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಬೋಳುಗುಡ್ಡದ ಮೇಲೆ ಹಾಸ್ಟೆಲುಗಳದೇ ಒಂದು ಊರು ಎದ್ದಿತು. ಮೆಸ್ಸಿನ ಬಾಗಿಲು ಹಾಕಿದ ಮೇಲೆ ಹಸಿವಾದರೆ ಅಲ್ಲಿ ಮೊದಲು ಕೈಗೆ ಸಿಗುವುದು ದಿಢೀರ್ ನೂಡಲ್ಸಿನ ಪೊಟ್ಟಣ. ತಿಂಗಳಲ್ಲಿ ಒಂದು ರಾತ್ರಿ ಹೀಗಾದರೆ ಚಿಂತೆಯಿಲ್ಲ. ವಾರಕ್ಕೆ ನಾಲ್ಕು ರಾತ್ರಿ ಅದೇ ಊಟವಾದರೆ ಮನೆ ಬಿಟ್ಟು ಬಂದ ಮಕ್ಕಳ ಆರೋಗ್ಯದ ಪ್ರಶ್ನೆ ಏಳುತ್ತದೆ.

ಹಾಗೆಂದು ನೂಡಲ್ಸನ್ನು ಬೈದು ಪ್ರಯೋಜನವಿಲ್ಲ. ಎಳೆ ಎಳೆಯಾದ ತಿಂಡಿ ಈ ಜಿಲ್ಲೆಗೆ ಹೊಸದೂ ಅಲ್ಲ. ತುಳುವರ ಸೇಮೆದಡ್ಯೆ, ಕನ್ನಡದ ಒತ್ತು ಶ್ಯಾವಿಗೆ ಅದೇ ಜಾತಿಯದು. ಅಕ್ಕಿ ನೆನೆಸಿ, ನುಣ್ಣಗೆ ಅರೆದು, ಹಿಟ್ಟು ಕಾಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಆರುವ ಮೊದಲೇ ಮಣೆಗೆ ಹಾಕಿ ಒತ್ತಬೇಕು. ಒಬ್ಬರು ಒತ್ತುವಾಗ ಇನ್ನೊಬ್ಬರು ಬಾಳೆಲೆ ಹಿಡಿಯಬೇಕು. ಒಂಟಿ ಕೈಗೆ ಆಗುವ ಕೆಲಸವಲ್ಲ. ಕಾರ್ಕಳವಿರಲಿ, ಕಾಪುವಿರಲಿ, ನೆಂಟರು ಬರುವ ದಿನವೇ ಇದಕ್ಕೆ ಮುಹೂರ್ತ. ಇಷ್ಟು ಕಷ್ಟಪಟ್ಟರೂ ಶ್ಯಾವಿಗೆಯನ್ನು ಬರಿದೇ ತಿನ್ನುವವರು ಯಾರೂ ಇಲ್ಲ. ಬೆಲ್ಲ ಹಾಕಿದ ಕಾಯಿಹಾಲು ಬೇಕು, ಇಲ್ಲವೇ ಕೋಳಿ ಪದಾರ್ಥ ಬೇಕು. ಉಳಿದರೆ ಒಗ್ಗರಣೆ ಕೊಟ್ಟು ಲಿಂಬೆ ಹಿಂಡುತ್ತಾರೆ. ಶ್ಯಾವಿಗೆ ಊಟದ ಅರ್ಧ ಮಾತ್ರ ಎಂಬುದು ಅಜ್ಜಿಯಂದಿರಿಗೆ ಗೊತ್ತಿತ್ತು. ಪೊಟ್ಟಣ ಬಂದಾಗ ಮರೆತುಹೋದದ್ದು ಈ ಉಳಿದರ್ಧ.

ಪೊಟ್ಟಣದ ನೂಡಲ್ಸನ್ನು 1958ರಲ್ಲಿ ಜಪಾನಿನ ಮೊಮೊಫುಕು ಅಂಡೊ ಮಾರುಕಟ್ಟೆಗೆ ತಂದರು. ಮೈದಾದ ಎಳೆಗಳನ್ನು ಹಬೆಯಲ್ಲಿ ಬೇಯಿಸಿ ಎಣ್ಣೆಯಲ್ಲಿ ಕರಿದರೆ ಒಳಗಿನ ನೀರು ಆವಿಯಾಗಿ ಹೋಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಆ ರಂಧ್ರಗಳಿಗೆ ನುಗ್ಗಿದಾಗ ಎಳೆ ಮತ್ತೆ ಮೆತ್ತಗಾಗುತ್ತದೆ. ಭಾರತಕ್ಕೆ ಮ್ಯಾಗಿ ಬಂದದ್ದು 1980ರ ದಶಕದ ಆರಂಭದಲ್ಲಿ. ಅಂದರೆ ಬೇಯಿಸುವ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮನೆಗೆ ಉಳಿಯುವುದು ಕೊನೆಯ ಎರಡು ನಿಮಿಷ. ಸೀಸದ ಅಂಶದ ಗುಮಾನಿಯಿಂದ 2015ರ ಜೂನ್‌ನಲ್ಲಿ ಮ್ಯಾಗಿಗೆ ನಿಷೇಧ ಬಿತ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು, ನವೆಂಬರ್‌ನಲ್ಲಿ ಅಂಗಡಿಗಳಿಗೆ ಮರಳಿತು. ಆ ಗದ್ದಲದಲ್ಲಿ ತಟ್ಟೆಯಲ್ಲಿ ತರಕಾರಿಯೇ ಇಲ್ಲವಲ್ಲ ಎಂದು ಕೇಳಿದವರು ಕಡಿಮೆ.

ಉಳಿಸಿದ ಅರ್ಧ ದಿನದಲ್ಲಿ ಎಂಟು ನಿಮಿಷವನ್ನು ಒಲೆಗೆ ಹಿಂದಿರುಗಿಸಿದರೆ ಸಾಕು. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ನೀರುಳ್ಳಿಯ ಒಗ್ಗರಣೆ ಮಾಡಿ. ತಡವಾಗಿ ಬೇಯುವ ಬೀನ್ಸ್, ಕ್ಯಾರೆಟ್, ಮೊಳಕೆ ಬಂದ ಹೆಸರುಕಾಳು ಮೊದಲು ಬೀಳಲಿ. ಕಾಪು ಸಮೀಪದ ಮಟ್ಟುವಿನ ಗುಳ್ಳ ಸಿಕ್ಕರೆ ತೆಳ್ಳಗೆ ಹೆಚ್ಚಿ ಹಾಕಬಹುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ನೂಡಲ್ಸಿಗೇಕೆ ಎಂದು ಹುಬ್ಬೇರಿಸಬೇಡಿ, ಅದು ಬೇಗ ಬೇಯುತ್ತದೆ. ಅವು ಮುಕ್ಕಾಲು ಬೆಂದ ಮೇಲೆ ನೀರು, ನೀರು ಕುದಿದ ಮೇಲೆ ನೂಡಲ್ಸ್. ಹಿತ್ತಿಲ ಬಸಳೆಯ ಎಲೆಗಳಿಗೆ ಕೊನೆಯ ಒಂದು ನಿಮಿಷ ಸಾಕು.

ಹೊಟ್ಟೆ ನಿಲ್ಲಬೇಕಾದರೆ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉಂಟು. ಒಡೆದು ಹಾಕಿ ಕಲಕಿದರೆ ಸಾರು ದಪ್ಪವಾಗುತ್ತದೆ. ಸಸ್ಯಾಹಾರಿಗಳಿಗೆ ಹೆಸರುಕಾಳು ಇದ್ದೇ ಇದೆ, ಕಾರ್ಕಳದವರಾದರೆ ಹುರಿದ ಗೇರುಬೀಜದ ತುಂಡೂ ಆದೀತು. ಮೀನು ತಿನ್ನುವವರು ಒಣಸಿಗಡಿಯ ತಲೆ, ಬಾಲ ತೆಗೆದು ಎಣ್ಣೆಯಿಲ್ಲದೆ ಹುರಿದು ಮೇಲಿನಿಂದ ಉದುರಿಸಿಕೊಳ್ಳಲಿ.

ಮಸಾಲೆ ಪುಡಿಯ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೊಟ್ಟಣದ ಹಿಂಬದಿಯಲ್ಲಿ ಬರೆದ ಸೋಡಿಯಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಅರ್ಧ ಪುಡಿ ಹಾಕಿ, ಉಳಿದ ರುಚಿಯನ್ನು ಕಾಳುಮೆಣಸು, ಲಿಂಬೆಯಿಂದ ತುಂಬಿಸಿದರೆ ನಾಲಿಗೆಗೆ ಕೊರತೆ ಕಾಣದು. ಒಣಸಿಗಡಿ ಹಾಕುವ ದಿನ ಕಾಲು ಪುಡಿ ಸಾಕು, ಅದರಲ್ಲೇ ಉಪ್ಪಿದೆ.

ಇನ್ನು ಬಿಸಿನೀರಿನ ಕೆಟಲ್ ಮಾತ್ರ ಇರುವವರು ಕ್ಯಾರೆಟ್ ತುರಿದು ನೂಡಲ್ಸಿನೊಂದಿಗೇ ನೆನೆಯಲು ಬಿಟ್ಟು, ಬೇಯಿಸಿದ ಮೊಟ್ಟೆ ಹೆಚ್ಚಿ ಸೇರಿಸಬಹುದು. ಒಲೆ ಇರುವವರು ಇಳಿಸುವ ಮೊದಲು ಅರ್ಧ ಲೋಟ ದಪ್ಪ ಕಾಯಿಹಾಲು ಹಾಕಿ ನೋಡಲಿ. ಹಾಕಿದ ಮೇಲೆ ಕುದಿಸಬಾರದು, ಹಾಲು ಒಡೆಯುತ್ತದೆ. ಲಿಂಬೆ ಹಿಂಡುವುದು ಒಲೆಯಿಂದ ಕೆಳಗಿಳಿಸಿದ ನಂತರವೇ.